ಗುಬ್ಬಿಯ ಪಕ್ಕದ ಗೂಟ

ಶಿವಮೊಗ್ಗದ ನವುಲೆಯ ಆ ಬೀದಿಯಲ್ಲಿ ಬಸವರಾಜೇಶ್ವರಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಗಿಡ್ಡದ ರಾಜಕ್ಕ ಎಂದರೆ ಮಾತ್ರ ಗೇಟಿನವರೆಗೆ ಬಂದು ಬಿಟ್ಟು ಹೋಗುತ್ತಿದ್ದರು. ಹಾಗಾಗಿ ನಾವೂ ರಾಜಕ್ಕ ಎಂದೇ ಕರೆಯೋಣ. ಅರವತ್ತರ ಅಂಚಿಗೆ ಬಂದರೂ ಹುಲ್ಲಿನ ಹೊರೆಯನ್ನು ತಾನೇ ತಲೆಗೆ ಎತ್ತಿಕೊಳ್ಳುತ್ತಿದ್ದಳು. ಜ್ವರ ಬಂದರೆ ಹೇಳುತ್ತಿರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಸೆರಗಿನ ಪಿನ್ನು ಬಿಚ್ಚಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ತೆಗೆದು, ರಕ್ತಕ್ಕೆ ಅಷ್ಟು ಸಗಣಿ ಬೂದಿ ಒತ್ತಿ, ಮುಂದಿನ ಕೆಲಸಕ್ಕೆ ಹೊರಡುತ್ತಿದ್ದಳು. ಯಾರಾದರೂ ಅಯ್ಯೋ ಎಂದರೆ ಒಂದೇ ಉತ್ತರ. "ನಂಗೇನಾಗುತ್ತೆ!" ಹಣೆಗೆ ವಿಭೂತಿ ಹಚ್ಚುವಾಗ ಶಿವನ ಹೆಸರು ಹೇಳುತ್ತಿದ್ದಳೋ ಇಲ್ಲವೋ, ಈ ಮಾತನ್ನಂತೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಅವಳ ಹಸುವೂ ಅಂಥದ್ದೇ. ಮಲೆನಾಡು ಗಿಡ್ಡ ತಳಿ, ನಿಂತರೆ ಆಳಿನ ಸೊಂಟಕ್ಕೆ ಬರುವಷ್ಟೇ ಎತ್ತರ. ಕೊಡುವ ಹಾಲು ಚೊಂಬಿನ ಕುತ್ತಿಗೆ ಮುಟ್ಟಿದರೆ ಅವತ್ತು ಹಬ್ಬ. ಹೆಸರು ಗುಬ್ಬಿ. ಇದರ ಅಮ್ಮನೂ ಗುಬ್ಬಿ, ಅಜ್ಜಿಯೂ ಗುಬ್ಬಿ, ಹೊಸ ಹೆಸರು ಹುಡುಕುವ ತಾಪತ್ರಯವನ್ನು ರಾಜಕ್ಕ ಇಟ್ಟುಕೊಂಡಿರಲಿಲ್ಲ. ಮಳೆಗಾಲದಲ್ಲಿ ತೊಣಚಿ ಏಳುತ್ತವಲ್ಲ, ಅನ್ನದ ಮೇಲೆ ಕೂರುವ ಬಡಪಾಯಿ ನೊಣವಲ್ಲ, ದನದ ರಕ್ತ ಕುಡಿಯುವ ದಪ್ಪ ಕಂದು ನೊಣ, ಆಗ ಬೀದಿಯ ಸೀಮೆಹಸುಗಳೆಲ್ಲ ಕಾಲು ಒದರಿ, ಕಣ್ಣಿ ಜಗ್ಗಿ, ಮೈಯೆಲ್ಲ ರಕ್ತದ ಚುಕ್ಕಿ ಮಾಡಿಕೊಂಡು ನಿಲ್ಲುತ್ತಿದ್ದವು. ಗುಬ್ಬಿ ಮಾತ್ರ ಮೆಲುಕು ಹಾಕುತ್ತಾ ನಿಂತಿರುತ್ತಿತ್ತು. ನೊಣ ಕೂತ ಅಂಗೈಯಗಲದ ತೊಗಲನ್ನಷ್ಟೇ ಒಮ್ಮೆ ನಡುಗಿಸುತ್ತಿತ್ತು. ಅಷ್ಟಕ್ಕೂ ಜಗ್ಗದಿದ್ದರೆ ಉದ್ದನೆಯ ಬಾಲ ಗುರಿ ತಪ್ಪದೆ ಬಂದು ಬೀಳುತ್ತಿತ್ತು. ನೊಣ ಎದ್ದು ಹೋಗುತ್ತಿತ್ತು.

"ನೋಡ್ರೀ," ಎಂದು ರಾಜಕ್ಕ ಹಾಲಿಗೆ ಬಂದವರನ್ನೆಲ್ಲ ಕೊಟ್ಟಿಗೆಗೆ ಕರೆಯುತ್ತಿದ್ದಳು. "ನಮ್ಮನೆ ಗಿಡ್ಡದ ಮೇಲೆ ನೊಣ ಕೂತು ಉಣ್ಣಲಿ ನೋಡೋಣ!" ನೊಣ ಹೋಗುವುದನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿದ್ದಳು, ಅದರಲ್ಲಿ ಸುಳ್ಳಿಲ್ಲ. ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಒಂದು ದಿನವೂ ನೋಡಿರಲಿಲ್ಲ.

ಮೊದಲ ಗುಬ್ಬಿ ಅವಳ ಜೊತೆಗೇ ತವರಿನಿಂದ ಬಂದದ್ದು. ಹೊಳೆಹೊನ್ನೂರಿನಲ್ಲಿ ಮದುವೆಯಾದಾಗ ಅಪ್ಪ ಮಗಳಿಗೆ ಬಳುವಳಿ ಎಂದು ಒಂದು ಹೋರಿಗರುವಿನಷ್ಟು ಎತ್ತರದ ಹಸುವನ್ನು ಕೊಟ್ಟು, ಭದ್ರಾವತಿಯವರೆಗೂ ಆಳಿನ ಕೈಲಿ ನಡೆಸಿ ಕಳಿಸಿದ್ದ. ಗಂಡ ಕೊಟ್ರಬಸಪ್ಪ ಅಲ್ಲಿ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಹಿಂದೆ ತಗಡು ಹೊದಿಸಿದ ಕೊಟ್ಟಿಗೆ, ಗೋಡೆಯಾಚೆ ತಮಿಳರ ಮನೆ, ಈಚೆ ತೆಲುಗರ ಮನೆ. ಅತ್ತೆ ಬಾಗಿಲಲ್ಲೇ ನಿಂತು, ಸೊಸೆಗೆ ಆರತಿ ಎತ್ತುವುದಕ್ಕೆ ಮೊದಲು ಹಸುವನ್ನು ನೋಡಿದಳು. ಆಮೇಲೆ ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ, "ಬೀಗರು ಹಸು ಕೊಡ್ತೀವಿ ಅಂದಿದ್ರು, ಮೇಕೆ ಕಳಿಸವ್ರೆ. ಹುಡುಗಿನೂ ಇಷ್ಟೇ ಏನೋ" ಎಂದಳು. ಜನ ನಕ್ಕರು. ಕೊಟ್ರಬಸಪ್ಪನೂ ನಕ್ಕ. ರಾಜಕ್ಕ ನಗಲಿಲ್ಲ, ಅಳಲೂ ಇಲ್ಲ. ಹಸುವಿನ ಕಣ್ಣಿ ಹಿಡಿದು ತಾನೇ ಹಿತ್ತಲಿಗೆ ನಡೆಸಿಕೊಂಡು ಹೋಗಿ ಕಟ್ಟಿದಳು.

ಆ ಅತ್ತೆ ಬದುಕಿದ್ದಷ್ಟು ವರ್ಷ ಚುಚ್ಚದೆ ಬಿಟ್ಟ ದಿನವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತವರಿನ ಮಾತು, ಕಡಿಮೆಯಾದರೂ ತವರಿನ ಮಾತು. ರಾಜಕ್ಕ ಕೊಡವಿಕೊಂಡಳು. ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಯಿತು. ನೀರಿನ ಕೊಡ ಹೊತ್ತದ್ದಕ್ಕೆ ಹೋಯಿತೋ, ಹಣೆಬರಹಕ್ಕೆ ಹೋಯಿತೋ ಯಾರೂ ಕೇಳಲಿಲ್ಲ. ಅತ್ತೆ ಬಂದು ಹಾಸಿಗೆಯ ಹತ್ತಿರ ನಿಂತು, "ಮಲಗಿದ್ರೆ ಹೋಗಿದ್ದು ವಾಪಸ್ ಬರುತ್ತಾ? ಏಳು, ಕೊಟ್ಟಿಗೇಲಿ ಸಗಣಿ ಹಾಗೇ ಬಿದ್ದೈತೆ" ಎಂದಳು. ರಾಜಕ್ಕ ಎದ್ದಳು. ಮೈಯಲ್ಲಿ ಇನ್ನೂ ರಕ್ತ ಹೋಗುತ್ತಿದ್ದಾಗಲೇ ಸಗಣಿ ಬಾಚಿದಳು. ಅವತ್ತು ಗುಬ್ಬಿಯ ಹೊಟ್ಟೆಗೆ ಹಣೆ ಒತ್ತಿ ಎಷ್ಟು ಹೊತ್ತು ನಿಂತಿದ್ದಳೆಂಬುದು ಗುಬ್ಬಿಗೆ ಗೊತ್ತು. ಮನುಷ್ಯರ ಪೈಕಿ ಯಾರಿಗೂ ಗೊತ್ತಿಲ್ಲ. ಮುಂದೆ ಮಗ ಪ್ರಸನ್ನಕುಮಾರ್ ಹುಟ್ಟಿದ. ಅತ್ತೆ ಹೋದಳು. ಗಂಡ ರಿಟೈರಾದ ಮೇಲೆ ನವುಲೆಯಲ್ಲಿ ಸೈಟು ತೆಗೆದು ಮನೆ ಕಟ್ಟಿದರು. ಎಲ್ಲ ಮುಗಿದ ಮೇಲೆ ರಾಜಕ್ಕನಲ್ಲಿ ಉಳಿದದ್ದು ಒಂದೇ ಹೆಮ್ಮೆ: ನನ್ನನ್ನು ಯಾವುದೂ ಕಚ್ಚಲಿಲ್ಲ, ಕಚ್ಚಿದರೂ ಹತ್ತಲಿಲ್ಲ.

ಮಗ ಶಿವಮೊಗ್ಗದಲ್ಲೇ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ. ಸೊಸೆಯಾಗಿ ಬಂದವಳು ಅಕ್ಷರಾ. ಬಿ.ಕಾಂ. ಓದಿದವಳು, ತೆಳ್ಳನೆಯ ಹುಡುಗಿ, ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತಿತ್ತು, ಬೈದರೆ ಕಣ್ಣು. ರಾಜಕ್ಕ ಅವಳನ್ನು ಹೊಡೆದವಳಲ್ಲ, ಉಪವಾಸ ಕೆಡವಿದವಳಲ್ಲ. ಅಷ್ಟರ ಮಟ್ಟಿಗೆ ನ್ಯಾಯವಾಗಿ ಹೇಳಬೇಕು. ಅವಳ ಬಾಯಲ್ಲಿ ಇದ್ದದ್ದು ಒಂದೇ ರಾಗ: ನಾವೆಲ್ಲ ಹೊಂದಿಕೊಂಡು ಬರಲಿಲ್ಲವಾ? ಎರಡು ವರ್ಷದ ಕೆಳಗೆ ಅಕ್ಷರಾಳ ಬಸಿರು ನಿಲ್ಲದೆ ಹೋದಾಗ, ಆಸ್ಪತ್ರೆಯಿಂದ ಬಂದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ರಾಜಕ್ಕ ಬಿಸಿ ಗಂಜಿ ತಂದಿಟ್ಟಳು, ಉಪ್ಪಿನಕಾಯಿಯನ್ನೂ ಇಟ್ಟಳು. ಆಮೇಲೆ, ಒಳ್ಳೆಯ ಮಾತೆಂದುಕೊಂಡೇ, "ನಂಗೂ ಹೋಗಿತ್ತು ಕಣೇ. ಮೈ ಒಣಗೋಕೆ ಮುಂಚೆ ಸಗಣಿ ಬಾಚಿದೀನಿ. ಮಲಗಿದ್ರೆ ವಾಪಸ್ ಬರುತ್ತಾ? ಏಳು" ಎಂದಳು. ಅಕ್ಷರಾ ಎದ್ದು ಗಂಜಿ ಕುಡಿದಳು. ಅಲ್ಲಿಂದಾಚೆಗೆ ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡಿದಳು.

ಆ ಸೊಸೆ ಈ ವರ್ಷ ಬೇಸಿಗೆಯ ಕೊನೆಗೆ ಒಂದು ದಿನ, "ಅತ್ತೆ, ನಾನೂ ಒಂದು ಹಸು ಕಟ್ತೀನಿ" ಎಂದಾಗ ರಾಜಕ್ಕನಿಗೆ ಖುಷಿಯೇ ಆಯಿತು. ತವರಿನಿಂದ ತಂದ ಬಳೆ ಕೊಟ್ಟು ಅಕ್ಷರಾ ತಂದದ್ದು ಕಪ್ಪು ಬಿಳುಪಿನ ದೊಡ್ಡ ಸೀಮೆಹಸು, ಗಬ್ಬದ್ದು. ಪೂರ್ಣಿ ಎಂದು ಹೆಸರಿಟ್ಟಳು. ಕರು ಹಾಕಿದ ಮೇಲೆ ಹಾಲು ಡೈರಿಗೆ, ಆಮೇಲೆ ಇನ್ನೊಂದು ಹಸು, ಆಮೇಲೆ ಅವಳದ್ದೇ ಒಂದು ಪುಟ್ಟ ಶೆಡ್ಡು. ಆ ಮನೆಗೆ ಬಂದ ಮೇಲೆ ಹುಡುಗಿ ಮೊದಲ ಸಲ ಮುಂದಿನ ವರ್ಷದ ಮಾತಾಡುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಪ್ರಸನ್ನಕುಮಾರನಿಗೆ ಪೂರ್ಣಿಯ ಹೊಟ್ಟೆಯಲ್ಲಿ ಕರು ಒದ್ದ ಸುದ್ದಿ ಹೇಳುತ್ತಾ ನಗುತ್ತಿದ್ದಳು. ಆ ಕರುವಿನ ಮೇಲೆ ಅವಳು ಏನೇನು ಕಟ್ಟಿಕೊಂಡಿದ್ದಾಳೆ ಎಂಬುದು ಯಾವ ಪೆದ್ದನಿಗೂ ಗೊತ್ತಾಗುತ್ತಿತ್ತು.

ಪೂರ್ಣಿಯನ್ನು ಎಲ್ಲಿ ಕಟ್ಟುವುದು ಎಂಬುದರಲ್ಲಿ ಶುರುವಾಯಿತು. ಹಿತ್ತಲಿನ ಕೊನೆಗೆ, ನುಗ್ಗೆಮರದ ಕೆಳಗೆ ಅಕ್ಷರಾ ಜಾಗ ನೋಡಿಟ್ಟಿದ್ದಳು. ಸೊಳ್ಳೆಪರದೆಯ ಬಟ್ಟೆಯನ್ನು ಸುತ್ತ ಕಟ್ಟಿ, ಸಂಜೆ ಹೊಗೆ ಹಾಕುವುದು ಅವಳ ಲೆಕ್ಕಾಚಾರ. ರಾಜಕ್ಕ ಸೊಂಟಕ್ಕೆ ಕೈಯಿಟ್ಟು ನಕ್ಕಳು.

"ಹಸೂಗೆ ಸೊಳ್ಳೆಪರದೆಯಾ? ನಾಳೆ ಫ್ಯಾನೂ ಹಾಕು, ಮಾರಾಯ್ತಿ. ಗುಬ್ಬಿ ಪಕ್ಕ ಕಟ್ಟೇ. ಮೈಗೆ ಮೈ ತಾಗೋ ಹಾಗೆ ಕಟ್ಟು. ಗಿಡ್ಡದ ಗಾಳಿಗೆ ನೊಣ ನಿಲ್ಲಲ್ಲ. ನಮ್ಮಪ್ಪ ಉಳೋ ಎತ್ತನ್ನ ಗಿಡ್ಡದ ಪಕ್ಕನೇ ಕಟ್ತಿದ್ದ."

ಗುಬ್ಬಿಯ ಪಕ್ಕ ಒಂದು ಗೂಟವಿತ್ತು. ರಾಜಕ್ಕ ಅದನ್ನು ಕಲ್ಲಿನಿಂದ ಬಡಿದು ಗಟ್ಟಿ ಮಾಡಿ, ಪೂರ್ಣಿಯ ಹಗ್ಗವನ್ನು ಕೈಯಾರೆ ಬಿಗಿದಳು. ಗುಬ್ಬಿಯ ತಲೆ ಪೂರ್ಣಿಯ ಪಕ್ಕೆಗೆ ಬರುತ್ತಿತ್ತು.

ಕಾರಹುಣ್ಣಿಮೆ ಕಳೆದು ಮಳೆ ಹಿಡಿಯಿತು, ತೊಣಚಿ ಎದ್ದವು. ಪೂರ್ಣಿ ಒದ್ದಾಡತೊಡಗಿತು. ಅಷ್ಟು ದೊಡ್ಡ ಮೈ, ಆದರೆ ತೊಗಲು ಪಾಪದ್ದು, ನಡುಗಿಸಲು ಬಾರದು. ಬಾಲ ಬೀಸಿದರೆ ಗಾಳಿಗೆ ಬೀಸಿದಂತೆ. ನೊಣ ಕೂತರೆ ಹೊಟ್ಟೆ ತುಂಬಿಸಿಕೊಂಡೇ ಏಳುತ್ತಿತ್ತು. ಅಕ್ಷರಾ ಬೇವಿನೆಣ್ಣೆ ಸವರಿದಳು, ಗೋಣಿ ಹೊದಿಸಿದಳು. "ಅತ್ತೆ, ಇಲ್ಲಿಗೆ ಬಂದ ಮೇಲೆ ಜಾಸ್ತಿ ಆಗಿದೆ ನೋಡಿ. ಗುಬ್ಬಿ ಮೇಲಿಂದ ಎದ್ದಿದ್ದು ಇದರ ಮೇಲೇ ಬರುತ್ತೆ" ಎಂದಳು. ರಾಜಕ್ಕನಿಗೆ ಅದು ಹಸುವಿನ ಮಾತಾಗಿ ಕೇಳಲಿಲ್ಲ. ತವರಿನ ಹಸುವಿಗೆ ಮೇಕೆ ಎಂದ ದನಿಯೇ ಕೇಳಿದ ಹಾಗಾಯಿತು.

"ಸೀಮೆದಕ್ಕೆ ನಯ ಜಾಸ್ತಿ. ಕಚ್ಚಿಸ್ಕೊಂಡು ಕಚ್ಚಿಸ್ಕೊಂಡು ಗಟ್ಟಿಯಾಗುತ್ತೆ ಬಿಡು. ಎಲ್ಲಾನೂ ಹಾಗೇ ಗಟ್ಟಿಯಾಗೋದು" ಎಂದಳು.

ಶ್ರಾವಣದ ಒಂದು ಬೆಳಿಗ್ಗೆ ಅಕ್ಷರಾ ಹೇಳದೆ ಕೇಳದೆ ಪೂರ್ಣಿಯನ್ನು ಬಿಚ್ಚಿ ನುಗ್ಗೆಮರದ ಕೆಳಗೆ ಕಟ್ಟಿದಳು. ಅವತ್ತೇ ಎದುರುಮನೆಯ ಧನಲಕ್ಷ್ಮಿ ಹಾಲಿಗೆ ಬಂದವಳು ಹಿತ್ತಲು ನೋಡಿ, "ಏನ್ ರಾಜಕ್ಕ, ಸೊಸೆ ಬೇರೆ ಒಲೆ ಹೂಡಿದ ಹಾಗಿದೆ!" ಎಂದು ಕಣ್ಣು ಮಿಟುಕಿಸಿದಳು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದಕ್ಕೆ ಕೆಲವರಿಗೆ ಅರೆಚೊಂಬು ಹಾಲು ಕೊಂಡರೆ ಸಾಕು. ರಾಜಕ್ಕ ಹಾಲಿನ ಪಾತ್ರೆಯನ್ನು ಅಲ್ಲೇ ಕುಕ್ಕಿ, ಹೋಗಿ ಹಗ್ಗ ಬಿಚ್ಚಿ, ಹಸುವನ್ನು ದರದರನೆ ಎಳೆದು ತಂದಳು.

"ನನ್ನ ಹಸು ಅತ್ತೆ ಅದು," ಎಂದಳು ಅಕ್ಷರಾ.

"ಹಸು ನಿಂದು. ಕೊಟ್ಟಿಗೆ ನಂದು ಕಣೇ."

ಧನಲಕ್ಷ್ಮಿ ಹಾಲು ಮರೆತು ಹೋದಳು. ಕೊಟ್ರಬಸಪ್ಪ ಒಳಗೆ ಟಿವಿಯ ಸದ್ದನ್ನು ಇನ್ನಷ್ಟು ಏರಿಸಿಕೊಂಡ. ಪ್ರಸನ್ನಕುಮಾರ್ ಸಂಜೆ ಬಂದು ಎರಡೂ ಕಡೆ ಕೇಳಿ, "ಒಂದು ಗೂಟಕ್ಕೆ ಇಷ್ಟೊಂದಾ?" ಎಂದು ಕೈ ತೊಳೆದುಕೊಂಡ. ಪೂರ್ಣಿ ಗುಬ್ಬಿಯ ಪಕ್ಕದ ಗೂಟದಲ್ಲೇ ಉಳಿಯಿತು.

ಭಾದ್ರಪದದಲ್ಲಿ ಅದಕ್ಕೆ ಜ್ವರ ಬಂತು. ಬರುವುದು, ಹೋಗುವುದು, ಮತ್ತೆ ಬರುವುದು. ಹಿಂಡಿ ಮುಟ್ಟಲಿಲ್ಲ. ಕಣ್ಣಿನ ಒಳರೆಪ್ಪೆ ಕಾಗದದಷ್ಟು ಬೆಳ್ಳಗಾಯಿತು. ರಾಜಕ್ಕ ಕಷಾಯ ಕುಡಿಸಿದಳು, ದೃಷ್ಟಿ ತೆಗೆದಳು, ತವರಿನಲ್ಲಿ ಹಿರಿಯಜ್ಜ ಹೇಳಿದ್ದ ಸೊಪ್ಪು ತಂದು ಅರೆದಳು. ಒಂದು ಬೆಳಿಗ್ಗೆ ಪೂರ್ಣಿ ಗೂಟದ ಸುತ್ತ ಸುಮ್ಮನೆ ಸುತ್ತಲು ಶುರುಮಾಡಿತು. ಹಗ್ಗ ಸುತ್ತಿ ಸುತ್ತಿ ಕತ್ತು ಗೂಟಕ್ಕೆ ಬಂದು ಅಂಟಿಕೊಂಡಿತು. ಹಣೆಯನ್ನು ಗೋಡೆಗೆ ಒತ್ತಿ ನಿಂತುಬಿಟ್ಟಿತು. ಅಕ್ಷರಾ ಬರಿಗಾಲಲ್ಲಿ ಗಾಡಿ ಹತ್ತಿ ಪಶುವೈದ್ಯೆಯನ್ನು ಕರೆತಂದಳು.

ಹೇಮಶ್ರೀ ಎಂಬ ಆ ಡಾಕ್ಟರು ಹೆಚ್ಚು ಮಾತಿನವರಲ್ಲ. ಪೂರ್ಣಿಯ ರಕ್ತ ತೆಗೆದರು. ಇಂಜೆಕ್ಷನ್ ಕೊಟ್ಟರು. ಹೊರಡುವ ಮುಂಚೆ ಗುಬ್ಬಿಯನ್ನು ನೋಡಿ, "ಇದರದ್ದೂ ಸ್ವಲ್ಪ ರಕ್ತ ಕೊಡಿ" ಎಂದರು.

"ಇದಕ್ಯಾಕೆ? ಇದಕ್ಕೇನಾಗಿದೆ?" ರಾಜಕ್ಕನಿಗೆ ಅವಮಾನವೇ ಆಯಿತು. "ನೋಡಿ, ಹೇಗೆ ಮೇಯ್ತಾ ಇದೆ!"

"ನೋಡಿದೆ. ಆದ್ರೂ ಕೊಡಿ."

ಆ ಸಂಜೆ ಪೂರ್ಣಿ ತಿಂಗಳು ತುಂಬದ ಕಂದು ಹಾಕಿತು. ಕೂದಲು ಮೂಡಿದ್ದ ಹೆಣ್ಣುಗರು. ಅಕ್ಷರಾ ಅದನ್ನು ತನ್ನ ಹಳೆಯ ವೇಲಿನಲ್ಲಿ ಸುತ್ತಿ, ಯಾರನ್ನೂ ಮುಟ್ಟಗೊಡದೆ, ನುಗ್ಗೆಮರದ ಕೆಳಗೆ ಗುದ್ದಲಿ ಹಿಡಿದು ತಾನೇ ಗುಂಡಿ ತೋಡಿದಳು. ಮಾರನೆಯ ದಿನ ಮಧ್ಯಾಹ್ನ ಪೂರ್ಣಿ ಮಲಗಿದ್ದು ಏಳಲಿಲ್ಲ. ದೊಡ್ಡ ಹಸು, ಹೊರಗೆ ಸಾಗಿಸಲು ಗೇಟಿನ ಒಂದು ಕದವನ್ನೇ ಕಳಚಬೇಕಾಯಿತು.

ಹೇಮಶ್ರೀ ಮತ್ತೆ ಬಂದಾಗ ಕೊಟ್ಟಿಗೆಯಲ್ಲಿ ಗುಬ್ಬಿ ಒಂದೇ ಇತ್ತು. ಎರಡರ ರಕ್ತದಲ್ಲೂ ತೊಣಚಿ ಹರಡುವ ಸರ್ರಾ ರೋಗದ ಹುಳು ಸಿಕ್ಕಿದೆ ಎಂದರು. ರಾಜಕ್ಕ ನಂಬಲಿಲ್ಲ.

"ಸಾಧ್ಯನೇ ಇಲ್ಲ. ನಮ್ಮ ಗಿಡ್ಡದ ಮೇಲೆ ನೊಣನೇ ಕೂರಲ್ಲ."

"ಕೂರುತ್ತೆ ಅಮ್ಮ. ಪೂರ್ತಿ ಕುಡಿಯೋಕೆ ಇದು ಬಿಡಲ್ಲ, ಅಷ್ಟೇ. ಆದ್ರೂ ಯಾವತ್ತೋ ಯಾವುದೋ ನೊಣ ಇದಕ್ಕೂ ರೋಗ ದಾಟಿಸಿದೆ. ಈ ತಳಿಗೆ ತಡ್ಕೊಳ್ಳೋ ಶಕ್ತಿ ಜಾಸ್ತಿ. ರಕ್ತದಲ್ಲಿ ರೋಗ ಇದ್ರೂ ಮೇಲೆ ಏನೂ ತೋರಿಸ್ಕೊಳ್ಳಲ್ಲ. ಹಾಲು ಕೊಡುತ್ತೆ, ಮೇಯುತ್ತೆ." ಡಾಕ್ಟರು ಗುಬ್ಬಿಯ ಬೆನ್ನಿನ ಮೇಲೆ ಕೈಯಿಟ್ಟರು, ಗುಬ್ಬಿ ತೊಗಲು ನಡುಗಿಸಿತು. "ಹೀಗೆ ಕೊಡವಿದಾಗ ನೊಣದ ಹೊಟ್ಟೆ ಅರ್ಧ ತುಂಬಿರುತ್ತೆ. ಬಾಯಲ್ಲಿ ಇದರ ರಕ್ತ ಇನ್ನೂ ಹಸಿ ಇರುತ್ತೆ. ಉಳಿದ ಅರ್ಧ ಕುಡಿಯೋಕೆ ದೂರ ಎಲ್ಲಿ ಹೋಗುತ್ತೆ? ಪಕ್ಕದಲ್ಲಿ ನಿಂತಿರೋದರ ಮೇಲೆ ಕೂರುತ್ತೆ. ದೂರ ಕಟ್ಟಿದ್ರೆ ಬಹುಶಃ ಉಳೀತಿತ್ತು. ಹಿತ್ತಲಿನ ಆ ತುದಿಗೆ ಕಟ್ಟಿದ್ರೂ ಸಾಕಿತ್ತು."

ಡಾಕ್ಟರು ಕೈ ತೋರಿಸಿದ್ದು ನುಗ್ಗೆಮರದ ಕಡೆಗೆ. ಅಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು.

ಅವರು ಗುಬ್ಬಿಗೆ ಇಂಜೆಕ್ಷನ್ ಕೊಟ್ಟು ಹೋದರು. ರಾಜಕ್ಕ ಗೋದಲಿಯ ಕಟ್ಟೆಯ ಮೇಲೆ ಕೂತಳು. ಏನಾದರೂ ಹೇಳಬೇಕಿತ್ತು, ನಲವತ್ತು ವರ್ಷದಿಂದ ಅವಳ ಬಾಯಿಗೆ ಮಾತು ಹುಡುಕುವ ಪ್ರಸಂಗ ಬಂದಿರಲಿಲ್ಲ. ತಪ್ಪಾಯ್ತು ಕಣೇ ಎಂಬ ಮಾತು ಗಂಟಲಿನವರೆಗೂ ಬಂದಿತ್ತೆಂದು ನಾನು ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಆದರೆ ಬಾಯಿಂದ ಹೊರಬಿದ್ದದ್ದು ಅಭ್ಯಾಸದ ಮಾತು. ಹಾಳಾದ ನಾಲಿಗೆ!

"ಹೋಗಿದ್ದು ಹೋಯ್ತು. ಅತ್ರೆ ವಾಪಸ್ ಬರುತ್ತಾ? ನಾನು ಎಷ್ಟು ಕಳ್ಕೊಂಡಿಲ್ಲ, ನಂಗೇನಾಯ್ತು?"

ಅಕ್ಷರಾ ಖಾಲಿ ಗೂಟದಿಂದ ಪೂರ್ಣಿಯ ಹಗ್ಗ ಬಿಚ್ಚುತ್ತಿದ್ದಳು. ಬಿಚ್ಚುವುದನ್ನು ನಿಲ್ಲಿಸಿ ಅತ್ತೆಯನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನಿಮಗೆ ಏನೂ ಆಗಲ್ಲ ಅತ್ತೆ. ನಿಮ್ಮ ಪಕ್ಕದಲ್ಲಿ ನಿಂತವರಿಗೆ ಆಗುತ್ತೆ."

ಅಷ್ಟು ಹೇಳಿ ಹಗ್ಗ ಸುತ್ತಿ ಒಳಗೆ ಹೋದಳು.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಜಗಳದಲ್ಲಿ ರಾಜಕ್ಕ ಯಾರಿಗೂ ಸೋತವಳಲ್ಲ. ಅಕ್ಷರಾ ಅಡುಗೆ ಮಾಡಿದಳು, ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹೊಸಮನೆ ಬಡಾವಣೆಯ ಒಂದು ಸಹಕಾರ ಸಂಘದಲ್ಲಿ ಕೆಲಸ ಸಿಕ್ಕಿತೆಂದು ನವರಾತ್ರಿ ಮುಗಿಯುವಾಗ ಗೊತ್ತಾಯಿತು. ಅಲ್ಲೇ ಬಾಡಿಗೆಗೆ ಮನೆಯನ್ನೂ ನೋಡಿಯಾಗಿದೆ ಎಂದು ಮಗ ನೆಲ ನೋಡುತ್ತಾ ಹೇಳಿದ. ಈ ಸಲ ಅವನು ಎರಡೂ ಕಡೆ ಕೇಳಿರಲಿಲ್ಲ.

ಆಟೋಗೆ ಪಾತ್ರೆಯ ಚೀಲ ಇಡುತ್ತಿದ್ದ ಸೊಸೆಯ ಬಳಿಗೆ ರಾಜಕ್ಕ ಹೋದಳು. ಎದುರುಮನೆಯ ಕಿಟಕಿಯಲ್ಲಿ ಧನಲಕ್ಷ್ಮಿ ನಿಂತಿದ್ದಳು, ಅದನ್ನೂ ಲೆಕ್ಕಿಸಲಿಲ್ಲ.

"ಹೊಸಮನೆ ಏನು ಬೇರೆ ದೇಶನಾ? ಇಲ್ಲಿಂದಲೇ ಬಸ್ಸಲ್ಲಿ ಹೋಗ್ಬಹುದಿತ್ತಲ್ಲ. ಬೇರೆ ಮನೆ ಯಾಕೆ?"

"ಡಾಕ್ಟರ್ ಹೇಳಿದ್ರಲ್ಲ ಅತ್ತೆ," ಎಂದಳು ಅಕ್ಷರಾ. ಸಿಟ್ಟಿರಲಿಲ್ಲ, ಅಂಗಡಿಯ ಸಾಮಾನಿನ ಪಟ್ಟಿ ಹೇಳುವ ಹಾಗೆ ಹೇಳಿದಳು. "ದೂರ ಕಟ್ಟಿದ್ರೆ ಸಾಕಿತ್ತು ಅಂತ."

ಅವಳ ಕೈ ಹೊಟ್ಟೆಯ ಮೇಲಿತ್ತು. ಹೆಂಗಸರು ಹಾಗೆ ಕೈಯಿಡುವುದು ಯಾವಾಗ ಎಂದು ರಾಜಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಷ್ಟು ತಿಂಗಳು ಎಂದು ಕೇಳಲು ಬಾಯಿ ತೆರೆದಳು. ಅಕ್ಷರಾ ಆಟೋ ಹತ್ತಿ ಕೂತು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಆಟೋ ಹೋದ ಮೇಲೆ ರಾಜಕ್ಕ ಕೊಟ್ಟಿಗೆಗೆ ಬಂದಳು. ಮಳೆ ಹಿಂದೆ ಸರಿದಿದ್ದರೂ ಒಂದೆರಡು ತೊಣಚಿ ಇನ್ನೂ ಇದ್ದವು. ಗುಬ್ಬಿಯ ಭುಜದ ಮೇಲೆ ಒಂದು ಬಂದು ಕೂತಿತು. ಗುಬ್ಬಿ ತೊಗಲು ನಡುಗಿಸಿತು. ನೊಣ ಎದ್ದಿತು. ರಾಜಕ್ಕ ಹುಟ್ಟಿದಾಗಿನಿಂದ ಮೊದಲ ಸಲ ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ ನಿಂತಳು. ಅದು ಪಕ್ಕದ ಖಾಲಿ ಗೂಟದ ಮೇಲೆ ಒಂದು ಸುತ್ತು ಹಾಕಿತು, ಅಲ್ಲಿ ಯಾರೂ ಇಲ್ಲದ್ದರಿಂದ ತಿರುಗಿ ಬಂದು ಅವಳ ಮೊಣಕೈ ಹತ್ತಿರ ಕೂತಿತು.

ಅವಳು ಕೊಡವಲಿಲ್ಲ. ನೊಣ ಕಚ್ಚಿತು. ಕಾದ ಸೂಜಿ ಇಳಿಸಿದ ಹಾಗೆ ಉರಿಯಿತು, ಉರಿ ಭುಜದವರೆಗೂ ಏರಿತು.

"ಅಯ್ಯೋ, ಅವ್ವಾ!" ಎಂದು ಕೂಗಿಬಿಟ್ಟಳು. ಕೂಗಿದ್ದು ತಾನೇ ಎಂದು ಅವಳಿಗೇ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣಲ್ಲಿ ನೀರು ತುಂಬಿ, ಖಾಲಿ ಗೂಟ, ಗುಬ್ಬಿ, ಗೋಡೆ ಎಲ್ಲ ಕಲಸಿಹೋದವು.

ಒಳಗೆ ಟಿವಿಯ ಸದ್ದು ಇಳಿಯಿತು. "ಏನಾಯ್ತೇ?" ಎಂದು ಕೊಟ್ರಬಸಪ್ಪ ಕೂಗಿ ಕೇಳಿದ. ಮದುವೆಯಾದ ಇಷ್ಟು ವರ್ಷಕ್ಕೆ ಅವನು ಹಾಗೆ ಕೇಳಿದ್ದು ಅದೇ ಮೊದಲಿರಬೇಕು.

ರಾಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನಿಲ್ಲ," ಎಂದಳು. "ನಂಗೇನಾಗುತ್ತೆ."

ಟಿವಿಯ ಸದ್ದು ಮತ್ತೆ ಏರಿತು.